ಹೊಂಡಕ್ಕೆ ಮರಳು

ವಾದಿ ಸೂಫ್,
೧೪ ಮಾರ್ಚ್ ೧೯೮೮, ಸೋಮವಾರ

ನಮ್ಮ ಮನೆಯವರಿಗೆ,

ಉಮ್ಮು ಹಾನಿಯ ಸಲಾಮು, ನಿಮ್ಮ ಅಮ್ಮನ ಆಶೀರ್ವಾದ. ಆಸ್ಪತ್ರೆಯಲ್ಲಿ ನಿಮ್ಮ ಪಕ್ಕದ ಮಂಚದಲ್ಲಿದ್ದುಕೊಂಡು ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವ ಅಕ್ಲಿ ಮಾಸ್ತರಿಗೂ ಸಲಾಮು. ಮಾಸ್ತರೇ, ನಮ್ಮಪ್ಪ ಈ ಊರಿನ ಮಕ್ಕಳಿಗೆಲ್ಲ ಮರದ ಹಲಗೆಯ ಮೇಲೆ ಅಕ್ಷರ ತಿದ್ದಿಸಿದವರು. ಅವರ ಮಗಳಾದ ಪುಣ್ಯಕ್ಕೆ ನಾನು ನಾಲ್ಕಕ್ಷರ ಬರೆಯುತ್ತೇನೆ. ಇವರೂ ಇವರ ತಮ್ಮನೂ ಆ ಹಲಗೆ ಕಂಡರೆ ಸಾಕು, ಮರಳ ದಿಬ್ಬ ಹತ್ತಿ ಆಚೆ ಇಳಿದುಬಿಡುತ್ತಿದ್ದರು. ಅದರ ಫಲವಾಗಿ ಈಗ ಗಂಡ ಹೆಂಡತಿಯ ಮಾತಿನ ನಡುವೆ ನೀವು ಕೂರಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಕೆಮ್ಮೂ ಬೇಗ ಇಳಿಯಲಿ.

ಈಗ ನಿಮ್ಮ ಸುದ್ದಿ ಹೇಳಿ. ಎದೆಯ ನೋವು ಹೇಗಿದೆ? ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಯುವುದು ಮುಗಿಯಿತೋ, ಇನ್ನೂ ಇದೆಯೋ? ಮಲಗಿದಾಗ ಉಸಿರು ಕಟ್ಟುತ್ತದೆಂದು ಹೋದ ಸಲ ಬರೆಸಿದ್ದಿರಿ, ಎರಡು ದಿಂಬು ಕೊಡಿ ಎಂದು ದಾದಿಯನ್ನು ಕೇಳಲು ನಿಮಗೇನು ನಾಚಿಕೆ? ಅಲ್ಜೀರ್ಸಿನ ಮಳೆ, ಚಳಿ ನಿಮ್ಮ ಮೈಗೆ ಹೊಸದು. ಉಣ್ಣೆಯ ಅಂಗಿ ನಿಮ್ಮ ತಮ್ಮ ಲಯೀದನ ಚೀಲದಲ್ಲಿದೆ. ಆಡಿನ ಚರ್ಮದ ಚೀಲದಲ್ಲಿ ಒತ್ತಿಟ್ಟ ಮೆತ್ತನೆಯ ಖರ್ಜೂರವಿದೆ, ಈರುಳ್ಳಿ, ಮೆಣಸು ತುಂಬಿದ ರೊಟ್ಟಿಯಿದೆ. ರೊಟ್ಟಿ ದಾರಿಯಲ್ಲಿ ಉಳಿದಿದ್ದರೆ ಅದು ನಿಮ್ಮ ಅದೃಷ್ಟ, ಏಕೆಂದರೆ ನಿಮ್ಮ ತಮ್ಮನ ಹಸಿವು ನಿಮಗೆ ಗೊತ್ತೇ ಇದೆ. ಲಯೀದ್, ನೀನು ಅಲ್ಲೇ ಮಂಚದ ತುದಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಮ್ಮವರೇ, ನೀವು ಮಾತ್ರ ಮಾಸ್ತರು ಓದಿ ಮುಗಿಸುವ ತನಕ ನಡುವೆ ಬಾಯಿ ಹಾಕಬೇಡಿ. ಮಾತಾಡಿದರೆ ಕೆಮ್ಮು ಏರುತ್ತದೆ, ಡಾಕ್ಟರು ಬೇಡವೆಂದಿದ್ದಾರೆ.

ಅಮ್ಮ ಚೆನ್ನಾಗಿದ್ದಾರೆ. ಕಣ್ಣು ಇನ್ನಷ್ಟು ಮಂಜಾಗಿದೆ, ನಾಲಿಗೆ ಮೊದಲಿನಷ್ಟೇ ಚುರುಕಾಗಿದೆ. ಮೊನ್ನೆ ನಾನು ಚಹಾ ಸುರಿಯುವ ಸದ್ದು ಕೇಳಿಯೇ, "ನೊರೆ ಬಂದಿಲ್ಲ ಕಣೇ, ಇನ್ನೊಂದ್ಸಲ ಎತ್ತಿ ಸುರಿ" ಅಂದರು. ಕೆಂಪು ಆಡು ಮರಿ ಹಾಕಿದೆ. ಖರ್ಜೂರದ ಹೊಂಬಾಳೆಗಳು ಬಾಯಿ ಬಿಟ್ಟಿವೆ. ಲಯೀದ್ ಮರ ಹತ್ತಿ ಗಂಡು ಹೂವಿನ ಎಳೆಗಳನ್ನು ಒಂದೊಂದಕ್ಕೂ ಕಟ್ಟಿ ಇಳಿದ. ಈ ವರ್ಷ ನೀವಿಲ್ಲದೆ ಕಟ್ಟುವುದೆಂದು ಅವನ ಮುಖ ಸಪ್ಪಗಾಗಿತ್ತು. ಮೇಲಿನಿಂದಲೇ ಕೂಗಿ, "ಅತ್ತಿಗೆ, ಅಣ್ಣ ಬಿಸ್ಮಿಲ್ಲಾ ಎಷ್ಟ್ ಸಲ ಅಂತಿದ್ದ?" ಎಂದು ಕೇಳಿದ. ಮರಕ್ಕೊಂದು ಸಲ, ಜಾರಿದಾಗ ಇನ್ನೊಂದು ಸಲ ಎಂದೆ. ಅವನು ನಕ್ಕ. ನಾವು ಅಷ್ಟಾಗಿ ನಕ್ಕದ್ದು ಈ ತಿಂಗಳಲ್ಲಿ ಅದೇ ಮೊದಲು.

ಈಗ ನಮ್ಮ ಖರ್ಜೂರದ ಮರಗಳು ನಿಂತಿರುವ ಹೊಂಡದ ವಿಚಾರ. ಆವತ್ತು ಅಂಚೆ ಕಚೇರಿಯಿಂದ ಫೋನು ಮಾಡಿದಾಗ ನಿಮ್ಮ ದನಿ ಬಾವಿಯ ತಳದಿಂದ ಬಂದ ಹಾಗಿತ್ತು, ಆದರೆ ಮಾತು ಸ್ಪಷ್ಟವಾಗಿತ್ತು. ಔಷಧಿಯ ಮಂಪರಿನಲ್ಲಿ ಆಡಿದ್ದು ಮರೆತಿರಲೂಬಹುದು. ಅದಕ್ಕೇ ನೀವು ಹೇಳಿದ್ದನ್ನೂ ಇಲ್ಲಿ ನಡೆದದ್ದನ್ನೂ ಮೊದಲಿನಿಂದ ಬರೆಯುತ್ತೇನೆ. ಲಯೀದನೂ ಎದುರಿಗೇ ಕೇಳಿಸಿಕೊಳ್ಳಲಿ.

ಸುಗ್ಗಿ ಮುಗಿದ ಮೇಲೆ ದಕ್ಷಿಣದ ಅಂಚಿನ ಎರಡು ಮರಗಳ ಗರಿ ತುದಿಯಿಂದ ಹಳದಿಯಾಗಿದ್ದವು, ನೆನಪಿದೆಯಲ್ಲ? ಗರಿ ಹಳದಿಯಾದರೆ ಮರಕ್ಕೆ ಬಾಯಾರಿದೆ, ನೀರು ಕೆಳಗೆ ಹೋಗಿದೆ, ಮರವನ್ನು ಇಳಿಸಬೇಕು. ನಮ್ಮ ಸೂಫಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಮಾತು ಅದು. ನೀವು ಆಗಲೇ ಕೆಮ್ಮುತ್ತಿದ್ದಿರಿ. ಆದರೂ ನೀವೂ ಲಯೀದನೂ ದಾಯಾದಿಗಳನ್ನೆಲ್ಲ ಕರೆದು, ಬುಡದ ಕೆಳಗಿನ ಮರಳನ್ನು ತೋಡಿ, ಅಡ್ಡ ಬಂದ ಬೇರು ಕಡಿದು, ಹಗ್ಗ ಹಾಕಿ, ಹಾಡು ಹೇಳುತ್ತ ಆ ಎರಡನ್ನೂ ಒಂದೊಂದು ಮೊಳ ಕೆಳಗಿಳಿಸಿದಿರಿ. ನಾನು ಎಲ್ಲರಿಗೂ ಕುಸ್ಕುಸ್ ಮಾಡಿ ಬಡಿಸಿದೆ. ಮರುವಾರವೇ ನಿಮಗೆ ಉಸಿರು ಸಿಗದೆ ಅಲ್ಜೀರ್ಸಿಗೆ ಕರೆದೊಯ್ದರು.

ಆ ಎರಡೂ ಮರ ಸತ್ತವು. ಫೋನಿನಲ್ಲೂ ಇದನ್ನೇ ಮೊದಲು ಹೇಳಿದೆ. ಚಳಿಗಾಲದ ನಡುವಿನಲ್ಲಿ ಗರಿಗಳು ಒಂದೊಂದಾಗಿ ಜೋತುಬಿದ್ದವು. ಕಳೆದ ತಿಂಗಳು ಲಯೀದ್ ಮೇಲೆ ಹತ್ತಿ ಸುಳಿಯನ್ನು ಹಿಡಿದರೆ ಅದು ಕೈಗೇ ಕಿತ್ತು ಬಂತು. ಬುಡದಲ್ಲಿ ಅವನು ತೋಡಿದ ಜಾಗದಲ್ಲಿ ನೀರು ನಿಂತಿದೆ, ಮೊಣಕಾಲಿನವರೆಗೆ. ಅದರ ಮೇಲೆ ಹಸಿರು ಪಾಚಿ, ಅಂಚಿನಲ್ಲಿ ಬಿಳಿ ಉಪ್ಪು. ಇನ್ನೊಂದು ಹೇಳಿದರೆ ನಗುತ್ತೀರಿ, ಕಪ್ಪೆಗಳೂ ಬಂದಿವೆ. ಎಲ್ಲಿಂದ ಬಂದವೋ ದೇವರೇ ಬಲ್ಲ. ಸಂಜೆ ಹೊಂಡದೊಳಗಿಂದ ಅವು ಕೂಗುವುದನ್ನು ಕೇಳಿ ಓಣಿಯ ಮಕ್ಕಳಿಗೆ ಹಬ್ಬ. ಅಮ್ಮ ಮೊದಲ ದಿನ, "ಯಾರ್ ಮನೆ ಆಡಿಗೆ ಹೊಟ್ಟೆ ನೋವು?" ಎಂದು ಕೇಳಿದರು. ಎಂಬತ್ತು ದಾಟಿದ ಹೆಂಗಸು ಈ ಊರಿನಲ್ಲಿ ಕಪ್ಪೆಯ ದನಿ ಕೇಳಿದ್ದು ಇದೇ ಮೊದಲು.

ನೀರು ಕೆಳಗೆ ಹೋಗಿಲ್ಲ, ಮೇಲೆ ಬಂದಿದೆ. ಪೇಟೆಯಲ್ಲಿ ಮನೆಮನೆಗೂ ನಲ್ಲಿ ಬಂತು, ಆಳದಿಂದ ಎತ್ತಿದ ನೀರು ಬಂತು, ಬಳಸಿದ ನೀರೆಲ್ಲ ಮನೆಯ ಹಿಂದಿನ ಗುಂಡಿಗೆ ಇಳಿಯಿತು. ಅಲ್ಲಿಂದ ಎಲ್ಲಿಗೆ ಹೋಗಬೇಕು? ಮರಳಿನೊಳಗೇ ಹರಡಿಕೊಂಡು ನಮ್ಮ ಮರಗಳ ಕಾಲಡಿಗೆ ಬಂದು ನಿಂತಿದೆ. ಯಾರನ್ನು ಬೈಯುವುದು? ನಮ್ಮ ಮನೆಯ ನಲ್ಲಿಯನ್ನೂ ನಾನು ತಿರುಗಿಸಿದ್ದೇನೆ. ಆ ಎರಡು ಮರ ಬಾಯಾರಿ ನಿಂತಿದ್ದವು ನಿಜ, ಆದರೆ ನೀರಿಲ್ಲದೆ ಬಾಯಾರಿದ್ದಲ್ಲ. ಬೇರು ಮುಳುಗಿ ಕೊಳೆತು, ಕುಡಿಯಲು ಬಾಯಿಲ್ಲದೆ ಬಾಯಾರಿದ್ದವು. ಹೊರಗಿನಿಂದ ನೋಡಿದರೆ ಎರಡಕ್ಕೂ ಗರಿ ಹಳದಿಯಾಗುವುದು ಒಂದೇ ರೀತಿ. ನೀವು ತಪ್ಪು ನೋಡಲಿಲ್ಲ, ನಿಮ್ಮ ಅಪ್ಪ, ಅಜ್ಜ ನೋಡಿದ ಹಾಗೆಯೇ ನೋಡಿದಿರಿ. ಅವರ ಕಾಲದಲ್ಲಿ ನೀರು ಒಮ್ಮೆಯೂ ಮೇಲಕ್ಕೆ ಬಂದಿರಲಿಲ್ಲ.

ಆಮೇಲೆ ನೀವು ಫೋನಿನಲ್ಲಿ ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಉಮ್ಮು ಹಾನಿ, ನನ್ನ ಎದೆಗೆ ಬಂದಿದ್ದೇ ಮರಗಳ ಕಾಲಿಗೂ ಬಂದಿದೆ. ಬೇರು ಉಸಿರಾಡುತ್ತೆ ಕಣೆ. ಮರಳ್ ಹಾಕು." ಇಷ್ಟೇ ಹೇಳಿದಿರಿ. ಹುಟ್ಟಿದಾಗಿನಿಂದ ಹೊಂಡದ ಮರಳನ್ನು ಬುಟ್ಟಿಯಲ್ಲಿ ಹೊತ್ತು ಮೇಲಕ್ಕೆ ಹಾಕಿದ ಮನುಷ್ಯ ನೀವು. ಗಾಳಿ ತಂದು ಸುರಿದದ್ದನ್ನು ಮತ್ತೆ ಹೊತ್ತು ಹಾಕಿ, ಮದುವೆಯ ಮಾರನೆಯ ಬೆಳಿಗ್ಗೆಯೂ ಬುಟ್ಟಿ ಹಿಡಿದು ಹೊರಟವರು. ನಿಮ್ಮ ಬಾಯಿಂದ ಈ ಮಾತು ಬರಬೇಕಾದರೆ ಎಷ್ಟು ಕಷ್ಟವಾಗಿರಬೇಕೆಂದು ನೆನೆದು ಅಂಚೆ ಕಚೇರಿಯ ಬಾಗಿಲಲ್ಲೇ ನನಗೆ ಅಳು ಬಂತು.

ಮನೆಗೆ ಬಂದು ಹೇಳಿದರೆ ಲಯೀದ್ ಸಿಟ್ಟಿನಿಂದ ಕುಣಿದಾಡಿಬಿಟ್ಟ. (ಕೋಪ ಮಾಡಿಕೊಳ್ಳಬೇಡ ಮಾರಾಯ, ಕುಣಿದದ್ದು ನಿಜ.) "ಅತ್ತಿಗೆ, ಬಿಸಿಲು ತಲೆಗೆ ಏರಿದೆಯಾ? ಮರಳು ಹೊರಗೆ ಹಾಕೋದೇ ನಮ್ಮ ಬದುಕು. ಒಳಗೆ ಹಾಕೋದು ಅಂದ್ರೆ ಹೊಂಡ ಮುಚ್ಚೋದು. ಅಪ್ಪನ್ನ ಇನ್ನೊಂದ್ಸಲ ಹೂತಂಗೆ!" ಅಂದ. ಉಳಿದ ಮರಗಳ ಗರಿಯೂ ತುದಿಯಲ್ಲಿ ಹಳದಿಯಾಗುತ್ತಿದೆ, ಹೊಂಬಾಳೆ ಕಾಯಿ ಕಟ್ಟುವ ಮೊದಲೇ ದಾಯಾದಿಗಳನ್ನು ಕರೆಸಿ ಎಲ್ಲವನ್ನೂ ಇಳಿಸಿಬಿಡೋಣ ಎಂಬುದು ಅವನ ಹಟ. ಅವನದು ಕೆಟ್ಟ ಮನಸ್ಸಲ್ಲ. ಹಾಗೆ ಬಿಟ್ಟರೆ ಮರ ಹೋಗುತ್ತವೆಂಬ ಹೆದರಿಕೆ ಅವನಿಗೂ ಇದೆ, ನನಗೂ ಇದೆ. ಇಬ್ಬರೂ ಒಂದೇ ಮರಕ್ಕೆ ಹೆದರಿ ಎರಡು ದಿಕ್ಕಿಗೆ ಎಳೆಯುತ್ತಿದ್ದೇವೆ.

ಕೊನೆಗೆ ನಾನು ಹಾರೆ ಹಿಡಿದು ಹೊಂಡಕ್ಕಿಳಿದೆ. ನಡುವಿನ ದೊಡ್ಡ ಮರದ ಪಕ್ಕ ಒಂದು ಗುಂಡಿ ತೋಡಿ ಅವನನ್ನು ಕರೆದು ತೋರಿಸಿದೆ. ಖರ್ಜೂರಕ್ಕೆ ತಾಯಿಬೇರು ಎಂಬುದಿಲ್ಲ, ನಿಮಗೆ ಗೊತ್ತಲ್ಲ. ಬುಡದ ಗೆಡ್ಡೆಯಿಂದ ಬೆರಳು ದಪ್ಪದ ಬೇರುಗಳು ಮುದುಕಿಯ ಜಡೆ ಬಿಚ್ಚಿ ಹರಡಿದ ಹಾಗೆ ಇಳಿದಿರುತ್ತವೆ. ಎಲ್ಲವೂ ಒಂದೇ ಗಾತ್ರ, ಯಾವುದೂ ಹಿರಿಯದಲ್ಲ. ಮೇಲಿನ ಎರಡು ಗೇಣು ಮರಳಿನಲ್ಲಿದ್ದವು ಗಟ್ಟಿಯಾಗಿದ್ದವು. ಮುರಿದರೆ ಟಪ್ಪೆಂದು ಮುರಿದು ಒಳಗೆ ಬೆಳ್ಳಗಿತ್ತು. ಅವುಗಳಿಂದ ಹೊರಟ ಸಣ್ಣ ಬೇರುಗಳ ಮೈಮೇಲೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಚುಕ್ಕೆಗಳಿದ್ದವು. ಬೇರು ಗಾಳಿ ಎಳೆದುಕೊಳ್ಳುವುದು ಅಲ್ಲಿಂದಲೇ. ಅದರ ಕೆಳಗೆ ಕೈ ಹಾಕಿದರೆ ಕೆಸರು, ಮೊಟ್ಟೆ ಕೊಳೆತ ವಾಸನೆ. ಅಲ್ಲಿನ ಬೇರುಗಳು ಕಪ್ಪಗಿದ್ದವು. ಒಂದನ್ನು ಹಿಡಿದು ಎಳೆದರೆ ಸಿಪ್ಪೆಯೆಲ್ಲ ಜಾರಿ ನಡುವಿನ ನಾರು ಮಾತ್ರ ನನ್ನ ಕೈಯಲ್ಲಿ ಉಳಿಯಿತು. ಲಯೀದ್ ಅದನ್ನು ಮೂಸಿ ಮುಖ ಆಚೆ ತಿರುಗಿಸಿದ. ಅವನು ವಾದಕ್ಕೆ ನಿಲ್ಲದಿದ್ದರೆ ಅರ್ಧ ಒಪ್ಪಿದ ಎಂದು ಲೆಕ್ಕ.

ಉಳಿದರ್ಧಕ್ಕೆ ಅವನೊಂದು ಪ್ರಶ್ನೆ ಇಟ್ಟುಕೊಂಡಿದ್ದ. "ಸರಿ, ಮರಳ್ ಹಾಕಿ ಎತ್ತರಿಸಿದ್ರೆ ಮೇಲಿನ ಬೇರು ಕುಡಿಯೋದೇನು? ನೀರು ಹಾರಿ ಬರುತ್ತಾ?" ಎಂದ. ಆಗ ಚಹಾದ ತಟ್ಟೆ ಮುಂದಿತ್ತು. ಸಕ್ಕರೆಯ ಗಡ್ಡೆಯೊಂದನ್ನು ಹಿಡಿದು ತುದಿಯನ್ನಷ್ಟೇ ಚಹಾಕ್ಕೆ ತಾಗಿಸಿದೆ. ಕಂದು ಬಣ್ಣ ನಿಧಾನವಾಗಿ ಮೇಲೇರಿ ನನ್ನ ಬೆರಳಿನವರೆಗೂ ಬಂತು. ಮರಳೂ ಹೀಗೆಯೇ ನೀರನ್ನು ತಾನೇ ಒಂದಿಷ್ಟು ಮೇಲಕ್ಕೆ ಎಳೆದುಕೊಳ್ಳುತ್ತದೆ, ಕಾಳು ಕಾಳಿನ ನಡುವೆ ಗಾಳಿಗೂ ಜಾಗ ಬಿಡುತ್ತದೆ. ಬೇರಿಗೆ ಬೇಕಾದದ್ದು ಆ ಜಾಗ, ಕುಡಿಯಲೂ ಆಗಬೇಕು, ಉಸಿರಾಡಲೂ ಆಗಬೇಕು. ಅವನು ಆ ಸಕ್ಕರೆಯ ಗಡ್ಡೆಯನ್ನು ಬಾಯಿಗೆ ಹಾಕಿಕೊಂಡು, "ಮರಕ್ಕೆ ಹೊಸ ಬೇರು ಎಲ್ಲಿಂದ ಬರುತ್ತೆ, ಅಷ್ಟು ವಯಸ್ಸಾದ ಮರಕ್ಕೆ?" ಎಂದು ಇನ್ನೊಂದು ಎಸೆದ.

ಅದಕ್ಕೆ ಉತ್ತರ ಕೊಟ್ಟದ್ದು ಅಮ್ಮ. ತಮ್ಮನ್ನು ಹೊಂಡಕ್ಕೆ ಇಳಿಸಿ ಎಂದು ಹಟ ಹಿಡಿದರು. ವರ್ಷವಾಗಿತ್ತು ಅವರು ಆ ಇಳಿಜಾರು ಇಳಿದು. ಲಯೀದ್ ಬೆನ್ನ ಮೇಲೆ ಹೊತ್ತು ಇಳಿಸಿದ, ದಾರಿಯುದ್ದಕ್ಕೂ, "ನಿಧಾನ ಕಣೋ, ನಾನು ಮರಳ ಬುಟ್ಟಿ ಅಲ್ಲ" ಎಂದು ಬೈಸಿಕೊಂಡ. ದೊಡ್ಡ ಮರದ ಬುಡದ ಮುಂದೆ ಕೂತು ತೊಗಟೆಯ ಮೇಲೆ ಬೆರಳಾಡಿಸಿದರು. ನೆಲದಿಂದ ಒಂದು ಗೇಣು ಮೇಲೆ, ತೊಗಟೆ ಬಿರುಕು ಬಿಟ್ಟಲ್ಲಿ ಬೆರಳು ನಿಂತಿತು. "ಬನ್ರೋ ಇಲ್ಲಿ. ಹಲ್ಲು ಬರ್ತಾ ಇದೆ ಇದಕ್ಕೆ" ಅಂದರು. ನಾವಿಬ್ಬರೂ ಮುಟ್ಟಿ ನೋಡಿದೆವು. ಮಗುವಿನ ವಸಡಿನಲ್ಲಿ ಚುಚ್ಚುವ ಹಾಗೆ ಬೇರಿನ ಮೊನೆಗಳು ಸಾಲಾಗಿ ಹೊರಬಂದಿದ್ದವು. ಮರಳಿಲ್ಲದೆ, ಗಾಳಿಗೆ ತುದಿ ಒಣಗಿ ನಿಂತುಬಿಟ್ಟಿದ್ದವು. ಮರ ತಾನೇ ಮೇಲಕ್ಕೆ ಬರಲು ನೋಡುತ್ತಿದೆ, ನಾವು ಕೆಳಗೆ ಇಳಿಸುತ್ತೇವೆ ಎನ್ನುತ್ತಿದ್ದೇವೆ.

ಅಲ್ಲೇ ಅಮ್ಮ ಮರಳು ಕೊಡಿ ಎಂದರು. ನಾನು ಬುಟ್ಟಿ ತುಂಬಿ ಕೊಟ್ಟೆ. ಬುಡದ ಸುತ್ತ ಸುರಿಯುತ್ತ, "ನನ್ನ ಗಂಡ ಇದನ್ನ ಹೊತ್ತು ಹೊತ್ತೇ ಬೆನ್ನು ಬಾಗಿಸ್ಕೊಂಡ, ಈಗ ನಾನು ವಾಪಸ್ ಹಾಕ್ತಿದೀನಿ ನೋಡು" ಎಂದು ಅತ್ತರು. ನಾನೂ ಅತ್ತೆ. ಲಯೀದ್ ಕಣ್ಣಿಗೆ ಮರಳು ಹೋಯಿತೆಂದ. ಊರಿನವರ ಬಾಯಿಗೆ ಬೀಗವಿಲ್ಲ. ಸಾಸಿಯ ಹೆಂಡತಿ ಗಂಡ ಊರಲ್ಲಿಲ್ಲದಾಗ ಹೊಂಡ ಮುಚ್ಚುತ್ತಿದ್ದಾಳೆ ಎಂದು ನಿಮ್ಮ ಹೆಸರು ಹಿಡಿದೇ ನನ್ನ ಮೇಲೆ ಗಿರಣಿಯ ಹತ್ತಿರ ಮಾತು. ಮುಚ್ಚುತ್ತಿಲ್ಲ, ಎದೆಯೆತ್ತರ ಏರಿಸುತ್ತಿದ್ದೇವೆ ಅಷ್ಟೇ, ಸುಳಿಗೆ ಒಂದು ಕಾಳೂ ಬೀಳದ ಹಾಗೆ. ಪಕ್ಕದ ಇಳಿಜಾರಿನಲ್ಲಿ, ನೀರಿಗಿಂತ ಸಾಕಷ್ಟು ಮೇಲೆ, ಬುಡದಲ್ಲಿ ಮೊಳೆತ ಕಂದುಗಳನ್ನು ಬೇರು ಸಮೇತ ಬಿಡಿಸಿ ನೆಡಬೇಕೆಂದೂ ಇದೆ.

ಲಯೀದನಿಗೂ ನನಗೂ ಆಗಿರುವ ಒಪ್ಪಂದ ಇದು. ನಡುವಿನ ಮೂರು ಮರಕ್ಕೆ ಮಾತ್ರ ಈಗ ಮರಳು. ಉಳಿದದ್ದನ್ನು ಅವನು ಅಲ್ಲಿಗೆ ಬಂದು, "ಅಣ್ಣನ ಬಾಯಿಂದಲೇ ಕೇಳ್ಕೊಂಡು ಬರ್ತೀನಿ" ಎಂದಿದ್ದಾನೆ. ನೀವು ಹೌದೆಂದರೆ ಹಿಂದಿರುಗಿ ಬಂದು ಅವನೇ ಬುಟ್ಟಿ ಹಿಡಿಯುತ್ತಾನೆ. ಇಲ್ಲವೆಂದರೆ ಬಂದ ಮರುದಿನವೇ ದಾಯಾದಿಗಳು ಹಗ್ಗ ತರುತ್ತಾರೆ, ಎಲ್ಲ ಮರಗಳೂ ಇಳಿಯುತ್ತವೆ. ಹಾಗೆಂದು ಅವನು ಅಮ್ಮನ ಮುಂದೆ ಆಣೆ ಮಾಡಿದ್ದಾನೆ. ಆಣೆಗೆ ತಪ್ಪುವವನಲ್ಲ ಎಂಬುದೇ ಅವನ ಮೇಲಿನ ನನ್ನ ದೂರು.

ಇನ್ನೇನು ಬರೆಯಲಿ? ಶಾಬಾನ್ ತಿಂಗಳು ಬರುತ್ತಿದೆ, ಅದರ ಬೆನ್ನಿಗೇ ರಂಜಾನ್; ಅದರ ಮೊದಲ ಉಪವಾಸ ಬಿಡುವಾಗ ನೀವು ನಮ್ಮ ಅಂಗಳದ ಚಾಪೆಯ ಮೇಲಿರಬೇಕೆಂದು ಅಮ್ಮ ದಿನಾ ಬೇಡಿಕೊಳ್ಳುತ್ತಾರೆ. ನಾನೂ ಬೇಡಿಕೊಳ್ಳುತ್ತೇನೆ, ಆದರೆ ಡಾಕ್ಟರು ಬಿಡುವ ತನಕ ಹಟ ಮಾಡಿ ಎದ್ದು ಬರಬೇಡಿ. ನಿಮ್ಮ ಜಾಗದಲ್ಲಿ ಯಾರೂ ಮಲಗಿಲ್ಲ, ಬೆಕ್ಕೊಂದನ್ನು ಬಿಟ್ಟು. ದೇವರು ನಿಮ್ಮ ಉಸಿರನ್ನು ಅಗಲ ಮಾಡಲಿ, ಅಕ್ಲಿ ಮಾಸ್ತರನ್ನು ಅವರ ಮಕ್ಕಳ ಹತ್ತಿರ ಕಳಿಸಲಿ.

ನಿಮ್ಮ ದಾರಿ ನೋಡುತ್ತಿರುವ,
ಉಮ್ಮು ಹಾನಿ

ಮರೆತಿದ್ದೆ: ಮಾಸ್ತರೇ, ಗಟ್ಟಿಯಾಗಿ ಓದುವುದು ಇಲ್ಲಿಗೆ ನಿಲ್ಲಲಿ. ಪತ್ರ ಮುಗಿಯಿತೆಂದು ಹೇಳಿ ಲಯೀದನನ್ನು ಕೆಳಗಿನ ಅಂಗಡಿಗೆ ಚಹಾ ತರಲು ಕಳಿಸಿ. ಮುಂದಿನದು ಇವರ ಕಿವಿಗೆ ಮಾತ್ರ. ಬೇಗ ಬರೆಯುತ್ತಿದ್ದೇನೆ, ಅವನು ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾನೆ.

ನಮ್ಮವರೇ, ನಾವು ಫೋನಿನಲ್ಲಿ ಮಾತಾಡಿಲ್ಲ. ನಿಮಗೆ ಮರೆವೂ ಬಂದಿಲ್ಲ. ಅಂಚೆ ಕಚೇರಿಯಲ್ಲಿ ಅರ್ಧ ದಿನ ಕೂತೆ, ಲೈನು ಸಿಗಲಿಲ್ಲ. ಮನೆಗೆ ಬಂದಾಗ ಲಯೀದ್ ಮರ ಇಳಿಸಲು ಹಗ್ಗ ನೆನೆಹಾಕುತ್ತಿದ್ದ. ನನ್ನ ಮಾತನ್ನು ಈ ಊರಿನಲ್ಲಿ ಯಾವ ಗಂಡಸೂ ಕೇಳುವುದಿಲ್ಲ, ನಿಮ್ಮ ಮಾತನ್ನು ಎಲ್ಲರೂ ಕೇಳುತ್ತಾರೆ. ನಿನ್ನ ಅಣ್ಣ ಹೀಗಂದರು ಎಂದು ಅವನಿಗೆ ಹೇಳಿಬಿಟ್ಟೆ. ಎದೆಗೆ ಬಂದದ್ದೇ ಕಾಲಿಗೂ ಬಂದಿದೆ ಎಂಬುದು ನನ್ನದೇ ಮಾತು. ನೀವು ಇಲ್ಲಿ ಗೋಡೆಗೊರಗಿ ಕೂತು ಉಸಿರಿಗೆ ಒದ್ದಾಡುತ್ತಿದ್ದಾಗ ನಿಮ್ಮ ಬೆನ್ನು ನೀವುತ್ತ ಹೊಳೆದದ್ದು. ಹಾಗಾಗಿ ಆ ಎರಡು ಮರ ಸತ್ತ ಸುದ್ದಿಯನ್ನು ನೀವು ಮೊದಲ ಸಲ ಕೇಳಿದ್ದು ಈಗಲೇ, ಬೇರೆಯವರ ಬಾಯಿಂದ, ತಮ್ಮನ ಎದುರಿಗೆ, ಏನೂ ಅನ್ನಲಾಗದೆ. ನಿಮ್ಮ ಮುಖ ನನಗೆ ಕಾಣುತ್ತಿದೆ. ಹತ್ತಿರ ಇದ್ದಿದ್ದರೆ ಕೈ ಹಿಡಿದು ಹೇಳುತ್ತಿದ್ದೆ. ನನ್ನನ್ನು ಬೈಯುವುದನ್ನು ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ, ಪೂರ್ತಿ ಕೂತು ಕೇಳುತ್ತೇನೆ.

ಈಗ ಲಯೀದ್ ಚಹಾ ಹಿಡಿದು ಮೆಟ್ಟಿಲು ಹತ್ತುತ್ತಿರುತ್ತಾನೆ. ಬಂದವನೇ ಕೇಳುತ್ತಾನೆ. ನನ್ನ ಸುಳ್ಳಿನ ಮಾನ ಉಳಿಸಲಿಕ್ಕೆ ಹೇಳಬೇಡಿ. ಆ ಕಪ್ಪು ಬೇರನ್ನು ನೆನೆದು, ನಿಮಗೇ ಹೌದೆನ್ನಿಸಿದರೆ, ಮರಳು ಹಾಕು ಎಂದು ಒಮ್ಮೆ ನಿಮ್ಮ ಬಾಯಾರೆ ಹೇಳಿಬಿಡಿ.